ಮೊಣಕಾಲಿನೊಳಗಿನ ಹೊಲಿಗೆ: ದಾರದ ಬಲವೆಷ್ಟು, ಕಾಯಬೇಕಾದ ಕಾಲವೆಷ್ಟು?

ಕಳೆದ ಅಮಾವಾಸ್ಯೆಯ ಮರುದಿನ ನಮ್ಮ ಗುಳೇದಗುಡ್ಡದ ನೇಕಾರರೊಬ್ಬರು ಊರುಗೋಲಿನ ಆಸರೆಯಿಂದ ನನ್ನ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಮೂವತ್ತೆಂಟು. ಕುಣಿಮಗ್ಗದಿಂದ ಮೇಲೇಳುವಾಗ ಬಲ ಮೊಣಕಾಲು ತಿರುಚಿಕೊಂಡು ಒಳಗಿನ ಗಾದಿ ಹರಿದಿತ್ತು. ಹುಬ್ಬಳ್ಳಿಯಲ್ಲಿ ದುರ್ಬೀನು ಹಾಕಿ ಅದನ್ನು ಹೊಲಿದು ಇಪ್ಪತ್ತು ದಿನಗಳಾಗಿದ್ದವು. ಅವರು ನನ್ನಲ್ಲಿಗೆ ಬಂದದ್ದು ಎಣ್ಣೆಗಾಗಿ. ಆದರೆ ಎಣ್ಣೆಗಿಂತ ಮೊದಲು ಒಂದು ಪ್ರಶ್ನೆ ಕೇಳಿದರು: “ಡಾಕ್ಟರ್ರ, ಒಳಗ ಹಾಕಿದ ದಾರ ಭಾಳ ಗಟ್ಟಿ ಐತಿ, ಜಗ್ಗಿದರೂ ಹರಿಯೂದಿಲ್ಲ ಅಂತ ಹೇಳ್ಯಾರ್ರಿ. ಅಷ್ಟು ಗಟ್ಟಿ ಇದ್ದ ಮ್ಯಾಲ ನಾಕು ತಿಂಗಳ ಮಗ್ಗಕ್ಕ ಇಳೀಬ್ಯಾಡ ಅಂತಾರಲ್ರಿ, ಅದ್ಯಾಕ?”

ದಾರದೊಡನೆಯೇ ಬಾಳಿದವರು ಕೇಳುವಂಥ ಪ್ರಶ್ನೆಯಿದು. ಎರಡು ನಿಮಿಷಗಳಲ್ಲಿ ಉತ್ತರಿಸಲು ನನಗೆ ಸಾಧ್ಯವಾಗಲಿಲ್ಲ. ಮೊಣಕಾಲಿನ ನೋವಿಲ್ಲದ ಮನೆ ನಮ್ಮ ಭಾಗದಲ್ಲಿ ವಿರಳವಾದುದರಿಂದ ಆ ಉತ್ತರವನ್ನು ಸದ್ಭಕ್ತರೆಲ್ಲರ ಅವಗಾಹನೆಗೆ ಇಲ್ಲಿ ವಿಸ್ತರಿಸುತ್ತಿದ್ದೇನೆ.

ಮೊದಲು ಆ ಗಾದಿಯ ಸ್ವರೂಪವನ್ನು ತಿಳಿಯೋಣ. ತೊಡೆಯ ಎಲುಬಿನ ಕೆಳತುದಿ ಗುಂಡಗಿದೆ, ಕಣಕಾಲಿನ ಎಲುಬಿನ ಮೇಲ್ತುದಿ ಬಹುಮಟ್ಟಿಗೆ ಚಪ್ಪಟೆಯಾಗಿದೆ. ಗುಂಡು ವಸ್ತು ಚಪ್ಪಟೆ ನೆಲದ ಮೇಲೆ ನಿಂತರೆ ಭಾರವೆಲ್ಲ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ಹಾಗಾಗದಂತೆ ಎರಡರ ನಡುವೆ, ಒಳಬದಿಗೊಂದು ಹೊರಬದಿಗೊಂದು, ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿವೆ. ವೈದ್ಯರು ಇವುಗಳನ್ನು ಮೆನಿಸ್ಕಸ್ ಎನ್ನುತ್ತಾರೆ. ಕಾಲು ನೆಟ್ಟಗಿರುವಾಗ ಮೊಣಕಾಲಿನ ಮೇಲೆ ಬೀಳುವ ಭಾರದ ಸುಮಾರು ಅರ್ಧವನ್ನು, ತೊಂಬತ್ತು ಡಿಗ್ರಿ ಮಡಚಿದಾಗ ನೂರರಲ್ಲಿ ಸುಮಾರು 85 ಪಾಲನ್ನು ಇವೇ ಹೊರುತ್ತವೆ. ಸುಶ್ರುತಾಚಾರ್ಯರು ಜಾನುವನ್ನು ಸಂಧಿಮರ್ಮಗಳಲ್ಲಿ ಎಣಿಸಿ, ಅದಕ್ಕೆ ಆಘಾತವಾದರೆ ಪ್ರಾಣ ಹೋಗುವುದಿಲ್ಲ, ಆದರೆ ಕುಂಟುತನ ಉಳಿಯುತ್ತದೆ ಎಂದು ಹೇಳಿದ್ದಾರೆ. ಮೊಣಕಾಲಿನ ರೋಗಿಗಳನ್ನು ನಾಲ್ಕು ದಶಕ ನೋಡಿದ ನನಗೆ ಆ ಮಾತಿಗೆ ಸೇರಿಸಲು ಏನೂ ಇಲ್ಲ.

ಈ ಮೆತ್ತೆಯನ್ನು ರಬ್ಬರಿನ ತುಂಡೆಂದು ಭಾವಿಸಬಾರದು. ಅದು ನೇಯ್ದ ವಸ್ತು. ಅದರಲ್ಲಿ ಬಹುಪಾಲು ನೀರೇ ಇದ್ದರೂ ಅದಕ್ಕೆ ಬಲ ಕೊಡುವುದು ಕೊಲಾಜೆನ್ ಎಂಬ ನಾರು. ಈ ನಾರಿನ ದಪ್ಪ ಎಳೆಗಳು ಅರ್ಧಚಂದ್ರದ ಬಾಗನ್ನು ಅನುಸರಿಸಿ ಮುಂದಿನಿಂದ ಹಿಂದಕ್ಕೆ ಹರಿಯುತ್ತವೆ. ಇವು ಹಾಸಿನ ಎಳೆಗಳು. ಇವುಗಳನ್ನು ಅಡ್ಡಲಾಗಿ ಕಟ್ಟಿ ಹಿಡಿಯುವ ತೆಳು ಎಳೆಗಳು ಹೊಕ್ಕಿನಂತೆ ಇವೆ, ಆದರೆ ಬಹಳ ಕಡಿಮೆ. ಅಂದರೆ ಹಾಸು ದಟ್ಟವಾಗಿ, ಹೊಕ್ಕು ವಿರಳವಾಗಿ ನೇಯ್ದ ಬಟ್ಟೆಯಿದು. ಭಾರ ಬಿದ್ದಾಗ ಮೆತ್ತೆ ಹೊರಕ್ಕೆ ಜಾರಲು ನೋಡುತ್ತದೆ. ಚಕ್ಕಡಿಯ ಗಾಲಿಗೆ ತೊಡಿಸಿದ ಕಬ್ಬಿಣದ ಬಳೆಯಂತೆ ಹಾಸಿನ ಎಳೆಗಳು ಅದನ್ನು ಬಿಗಿಹಿಡಿಯುತ್ತವೆ. ಹೊಕ್ಕು ವಿರಳವಾದ ಬಟ್ಟೆ ಎಲ್ಲಿ ಸೀಳುತ್ತದೆ ಎಂಬುದನ್ನು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಅದು ಹಾಸಿನ ಗುಂಟ ಸೀಳುತ್ತದೆ. ಯುವಕರ ಮೊಣಕಾಲು ತಿರುಚಿದಾಗ ಸಾಮಾನ್ಯವಾಗಿ ಆಗುವ ಉದ್ದ ಸೀಳು ಇದೇ. ಸೀಳು ದೊಡ್ಡದಾದರೆ ಒಳ ಅಂಚು ಬಕೆಟ್ಟಿನ ಹಿಡಿಕೆಯಂತೆ ಕಳಚಿ ಕೀಲಿನ ನಡುವೆ ಸಿಕ್ಕಿಕೊಳ್ಳುತ್ತದೆ. ಆಗ ಕಾಲು ಅರ್ಧ ಮಡಚಿದಲ್ಲಿಯೇ ಬೀಗ ಹಾಕಿದಂತೆ ನಿಂತುಬಿಡುತ್ತದೆ.

ಹೀಗೆ ಹರಿದ ಮೆತ್ತೆಯನ್ನು ಹೊಲಿಯುವ ಪ್ರಯತ್ನ ಹೊಸದಲ್ಲ. 1883ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಥಾಮಸ್ ಅನ್ನಾಂಡೇಲ್ ಎಂಬ ಶಸ್ತ್ರವೈದ್ಯ ಒಬ್ಬ ಗಣಿ ಕಾರ್ಮಿಕನ ಮೊಣಕಾಲನ್ನು ತೆರೆದು, ಕಳಚಿದ ಮೆನಿಸ್ಕಸ್ಸನ್ನು ಕ್ಯಾಟ್‌ಗಟ್ ದಾರದಿಂದ ಅದರ ಸ್ಥಾನಕ್ಕೆ ಹೊಲಿದ. ಆ ರೋಗಿಯೂ ಮೊಣಕಾಲೂರಿ ದುಡಿಯುವವನೇ ಆಗಿದ್ದುದು ನನಗೆ ಗಮನಾರ್ಹವಾಗಿ ತೋರುತ್ತದೆ. ಆದರೆ ಅವನ ದಾರಿಯನ್ನು ಹೆಚ್ಚಿನವರು ಹಿಡಿಯಲಿಲ್ಲ. ಮೆನಿಸ್ಕಸ್ ಎಂದರೆ ಉಪಯೋಗವಿಲ್ಲದ ಸ್ನಾಯುವಿನ ಪಳೆಯುಳಿಕೆ ಎಂಬ ಅಭಿಪ್ರಾಯ ಅದೇ ಕಾಲದಲ್ಲಿ ಬೇರೂರಿತು. ಹರಿದರೆ ತೆಗೆದು ಎಸೆಯುವುದೇ ರೂಢಿಯಾಯಿತು. 1948ರಲ್ಲಿ ಇಂಗ್ಲೆಂಡಿನ ಫೇರ್‌ಬ್ಯಾಂಕ್ ಎಂಬ ವೈದ್ಯರು, ಗಾದಿ ತೆಗೆದವರ ಮೊಣಕಾಲುಗಳ ಎಕ್ಸ್-ರೇ ನೋಡಿ, ಕೀಲು ಕಾಲಕ್ರಮದಲ್ಲಿ ಸವೆದು ವಿಕಾರಗೊಳ್ಳುವುದನ್ನು ತೋರಿಸಿದ ಮೇಲೂ ಆ ರೂಢಿ ಬೇಗ ಹೋಗಲಿಲ್ಲ. ನಾನು ಬಿ.ಎ.ಎಂ.ಎಸ್. ಓದುತ್ತಿದ್ದಾಗಲೂ ಇಡೀ ಗಾದಿ ತೆಗೆಯುವುದು ಸಾಮಾನ್ಯ ಚಿಕಿತ್ಸೆಯಾಗಿತ್ತು. ಆಗ ಹಾಗೆ ತೆಗೆಸಿಕೊಂಡ ಕೆಲವರು ಮೊಣಕಾಲಿನ ಪಕ್ಕದ ಉದ್ದ ಗಾಯದ ಗುರುತಿನೊಡನೆ ಇಂದಿಗೂ ನನ್ನ ಬಳಿಗೆ ಬರುತ್ತಾರೆ. ಅವರ ಕಾಲು ಬಿಲ್ಲಿನಂತೆ ಬಾಗಿದೆ. ಕೀಲಿನೊಳಗೆ ದುರ್ಬೀನು ಇಳಿಸುವ ವಿದ್ಯೆ ಜಪಾನಿನಲ್ಲಿ ಬೆಳೆದು, 1969ರಲ್ಲಿ ಟೋಕಿಯೋದ ಇಕೆಯುಚಿ ಅವರು ಅದರ ಮೂಲಕವೇ ಮೆನಿಸ್ಕಸ್ ಹೊಲಿದ ಬಳಿಕ ಉಳಿಸುವ ಕಾಲ ನಿಧಾನವಾಗಿ ಬಂದಿತು.

ಇನ್ನು ದಾರದ ವಿಚಾರ. ಸುಶ್ರುತಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯವನ್ನು ನಾನು ಆಗಾಗ ತೆರೆದು ನೋಡುತ್ತೇನೆ. ಅಲ್ಲಿ ಹೊಲಿಗೆಗೆ ಸಣ್ಣ ನೂಲು, ಅಶ್ಮಂತಕದ ತೊಗಟೆಯ ನಾರು, ಸೆಣಬು, ಅಗಸೆಯ ನಾರು, ಪ್ರಾಣಿಗಳ ಸ್ನಾಯು, ಕೂದಲು, ಮೂರ್ವಾ ಹಾಗೂ ಅಮೃತಬಳ್ಳಿಯ ನಾರುಗಳನ್ನು ಹೇಳಿದೆ. ಮಾಂಸ ಕಡಿಮೆಯಿರುವ ಕಡೆಗೂ ಸಂಧಿಗಳಿಗೂ ಎರಡಂಗುಲದ ದುಂಡು ಸೂಜಿ, ಮಾಂಸಲ ಭಾಗಕ್ಕೆ ಮೂರಂಗುಲದ ಮುಮ್ಮೂಲೆಯ ಸೂಜಿ ಎಂಬ ಭೇದವೂ ಇದೆ. ಚಲಿಸುವ ಸಂಧಿಗಳ ಮೇಲಿನ ಹಸಿ ಗಾಯಗಳನ್ನು ಹೊಲಿಯಬೇಕೆಂಬ ವಿಧಿಯೂ ಇದೆ. ಇಷ್ಟನ್ನು ಹಿಡಿದುಕೊಂಡು, ಮೆನಿಸ್ಕಸ್ ಹೊಲಿಗೆಯನ್ನು ನಮ್ಮ ಆಚಾರ್ಯರು ಅಂದೇ ಮಾಡಿದ್ದರು ಎಂದು ಭಾಷಣ ಮಾಡುವವರಿದ್ದಾರೆ. ಅದು ಸರಿಯಲ್ಲ. ಅಲ್ಲಿ ಹೇಳಿರುವುದು ಹೊರಗೆ ಕಾಣುವ ಗಾಯದ ಹೊಲಿಗೆ. ಸುಶ್ರುತರಿಗೆ ಇಲ್ಲದ ಕೀರ್ತಿಯನ್ನು ನಾವು ಅಂಟಿಸಬೇಕಾಗಿಲ್ಲ, ಇರುವುದೇ ಸಾಕಷ್ಟಿದೆ. ಅದೇ ಅಧ್ಯಾಯದಲ್ಲಿ ಅವರು ಇನ್ನೊಂದು ಮಾತು ಹೇಳಿದ್ದಾರೆ: ಹೊಲಿಗೆಯನ್ನು ಗಾಯದ ಅಂಚಿನಿಂದ ಬಹಳ ದೂರ ಹಾಕಿದರೆ ನೋವು, ಬಹಳ ಹತ್ತಿರ ಹಾಕಿದರೆ ಅಂಚೇ ಕಿತ್ತುಬರುತ್ತದೆ. ಈ ಎರಡನೆಯ ಭಾಗವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

ಅನ್ನಾಂಡೇಲ್ ಬಳಸಿದ ಕ್ಯಾಟ್‌ಗಟ್ ಎಂಬುದು ಹೆಸರಿನಲ್ಲಿ ಬೆಕ್ಕಿನದಾದರೂ ವಸ್ತುತಃ ಕುರಿ ಮತ್ತು ದನಗಳ ಕರುಳಿನಿಂದ ಮಾಡಿದ ದಾರ. ಅದು ಕೆಲವೇ ವಾರಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ನಮ್ಮ ಭಕ್ತರಲ್ಲಿ ಕೆಲವರು ಸಂಕೋಚದಿಂದ ಕೇಳುವುದುಂಟು, ಮೈಯೊಳಗೆ ಪ್ರಾಣಿಯ ಕರುಳನ್ನು ಇಟ್ಟಿರುತ್ತಾರೆಯೇ ಎಂದು. ಇಂದು ಮೊಣಕಾಲಿನ ಗಾದಿಗೆ ಹಾಕುವ ದಾರಗಳು ಕಾರ್ಖಾನೆಯಲ್ಲಿ ತಯಾರಾದ ಕೃತಕ ಎಳೆಗಳು. ಆ ಚಿಂತೆ ಬೇಡ. ರೇಷ್ಮೆಯೂ ಬಹುಕಾಲ ಶಸ್ತ್ರವೈದ್ಯರ ದಾರವಾಗಿತ್ತು. ಖಣಕ್ಕೆ ಅದಕ್ಕಿಂತ ಚೆಲುವಾದ ಎಳೆಯಿಲ್ಲ. ಆದರೆ ಮೈಯೊಳಗೆ ರೇಷ್ಮೆ ಸುಮಾರು ಒಂದು ವರ್ಷದಲ್ಲಿ ತನ್ನ ಬಲವನ್ನು ಬಹುತೇಕ ಕಳೆದುಕೊಳ್ಳುತ್ತದೆ, ಸುತ್ತಲಿನ ಅಂಗಾಂಶವನ್ನು ಕೆರಳಿಸುವುದೂ ಉಂಟು.

ಇಂದಿನ ದಾರಗಳಲ್ಲಿ ಮೂರನ್ನು ತಿಳಿದರೆ ಸಾಕು. ಮೊದಲನೆಯದು ಪಿ.ಡಿ.ಎಸ್., ಒಂಟಿ ಎಳೆಯ, ಕರಗುವ ದಾರ. ಇದರ ಬಲ ವಾರದಿಂದ ವಾರಕ್ಕೆ ಇಳಿಯುತ್ತ ಹೋಗಿ, ಸುಮಾರು ಆರು ತಿಂಗಳಲ್ಲಿ ದಾರವೇ ಕರಗಿ ಹೋಗುತ್ತದೆ. ಎರಡನೆಯದು ಹೆಣೆದ ಪಾಲಿಯೆಸ್ಟರ್, ಕರಗದು. ಮೂರನೆಯದು ಸದ್ಯ ಹೆಚ್ಚು ಪ್ರಚಾರದಲ್ಲಿರುವ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್. ಬಜಾರಿನ ಪ್ಲಾಸ್ಟಿಕ್ ಚೀಲವೂ ಪಾಲಿಎಥಿಲೀನೇ. ಆದರೆ ಇಲ್ಲಿ ಅದರ ಅಣುಸರಪಳಿಗಳು ಬಹಳ ಉದ್ದ, ಮತ್ತು ಎಲ್ಲವೂ ಒಂದೇ ದಿಕ್ಕಿಗೆ ಬಾಚಿದಂತೆ ಸಾಲಾಗಿ ನಿಂತಿರುತ್ತವೆ. ಗುಂಡು ತಡೆಯುವ ಅಂಗಿಗೂ ಹಡಗಿನ ಹಗ್ಗಕ್ಕೂ ಇದೇ ಎಳೆ. ಅದೇ ದಪ್ಪದ ಪಾಲಿಯೆಸ್ಟರ್ ದಾರಕ್ಕಿಂತ ಇದು ಸುಮಾರು ಎರಡು ಪಟ್ಟು ಎಳೆತವನ್ನು ತಾಳುತ್ತದೆ. ನಮ್ಮ ರೋಗಿಗೆ ವೈದ್ಯರು ಹೇಳಿದ್ದು ಸುಳ್ಳಲ್ಲ.

ದಾರದ ದಪ್ಪಕ್ಕೆ ಇಲ್ಲಿಯೂ ನಮ್ಮ ನೂಲಿನ ನಂಬರಿನಂತೆಯೇ ಲೆಕ್ಕವಿದೆ. ಸೊನ್ನೆಗಳು ಹೆಚ್ಚಿದಂತೆ ದಾರ ತೆಳುವಾಗುತ್ತದೆ. ಗಾದಿಗೆ ಹಾಕುವ ಎರಡು ಸೊನ್ನೆಯ ದಾರ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ದಪ್ಪವಿಲ್ಲ.

ಈ ದಾರಗಳ ಬಲವನ್ನು ಪ್ರಯೋಗಾಲಯದಲ್ಲಿ ಹೇಗೆ ಅಳೆಯುತ್ತಾರೆಂದರೆ, ಹಂದಿಯ ಅಥವಾ ಮೃತದೇಹದ ಮೆನಿಸ್ಕಸ್ಸನ್ನು ಕೊಯ್ದು, ಹೊಲಿದು, ಎರಡೂ ತುಂಡುಗಳನ್ನು ಯಂತ್ರದ ಇಕ್ಕಳಕ್ಕೆ ಸಿಕ್ಕಿಸಿ ಜಗ್ಗುತ್ತಾರೆ. ಕೆಲವೊಮ್ಮೆ ನೂರಾರು ಸಲ ಹಗುರಾಗಿ ಜಗ್ಗಿ ಬಿಟ್ಟು, ನಡುವೆ ಎಷ್ಟು ಮಿಲಿಮೀಟರ್ ಸಂದು ಬಿಟ್ಟಿತು ಎಂದು ನೋಡುತ್ತಾರೆ. ನಡೆಯುವ ಕಾಲಿಗೆ ಈ ಎರಡನೆಯ ಪರೀಕ್ಷೆಯೇ ಹತ್ತಿರ. ಇಂಥ ಪರೀಕ್ಷೆಗಳಿಂದ ಹೊರಬಿದ್ದ ದೊಡ್ಡ ಸಂಗತಿ ದಾರಕ್ಕಿಂತ ಹೊಲಿಗೆಯ ದಿಕ್ಕಿಗೆ ಸಂಬಂಧಿಸಿದ್ದು. ಹಾಸಿನ ಎಳೆಗಳ ಗುಂಟ ಮಲಗಿಸಿದ ಅಡ್ಡ ಹೊಲಿಗೆ, ಜಗ್ಗಿದಾಗ ಎಳೆಗಳ ನಡುವೆ ಜಾರಿ ಹೊರಬರುತ್ತದೆ. ಹಾಸನ್ನು ಕತ್ತರಿಸುವಂತೆ ನೆಟ್ಟಗೆ ನಿಲ್ಲಿಸಿದ ಹೊಲಿಗೆ ಎಳೆಗಳ ಕಟ್ಟನ್ನೇ ತಬ್ಬಿ ಹಿಡಿಯುತ್ತದೆ. 1995ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಅಡ್ಡ ಹೊಲಿಗೆ ಸುಮಾರು 29 ನ್ಯೂಟನ್ನಿಗೆ ಸೋತರೆ ನೆಟ್ಟ ಹೊಲಿಗೆ ಸುಮಾರು 67 ನ್ಯೂಟನ್ ತಾಳಿತು. ಹತ್ತು ನ್ಯೂಟನ್ ಎಂದರೆ ಸರಿಸುಮಾರು ಒಂದು ಕಿಲೋ ಭಾರದ ಎಳೆತ. ಅಂದರೆ ಮೂರು ಕಿಲೋ ಎಲ್ಲಿ, ಆರೂವರೆ ಕಿಲೋ ಎಲ್ಲಿ! ಖಣದ ಅಂಚಿಗೆ ಕುಪ್ಪಸ ಹೊಲಿಯುವ ನಮ್ಮ ದರ್ಜಿಗಳಿಗೂ ಈ ಭೇದ ಗೊತ್ತು.

ದಾರ ಇನ್ನೂ ಗಟ್ಟಿಯಾದರೆ? ಇಲ್ಲಿಯೇ ವಿಷಯದ ಮರ್ಮವಿದೆ. ಹಳೆಯ ದಾರಗಳಲ್ಲಿ ಜಗ್ಗಿದಾಗ ದಾರ ತುಂಡಾಗುತ್ತಿತ್ತು ಇಲ್ಲವೇ ಗಂಟು ಬಿಚ್ಚುತ್ತಿತ್ತು. ಹೊಸ ದಾರ ತುಂಡಾಗದು. ಅದರ ಬದಲು ಅದು ಗಾದಿಯನ್ನೇ ಕೊಯ್ದುಕೊಂಡು ಹೊರಬರುತ್ತದೆ. ಬೆಣ್ಣೆಯ ಮುದ್ದೆಗೆ ನೂಲು ಸುತ್ತಿ ಎಳೆದರೆ ನೂಲು ಹರಿಯುವುದಿಲ್ಲ, ಬೆಣ್ಣೆ ಎರಡಾಗುತ್ತದೆ. ಬಹಳ ಹತ್ತಿರ ಹಾಕಿದ ಹೊಲಿಗೆ ಅಂಚನ್ನೇ ಕೀಳುತ್ತದೆಂದು ಸುಶ್ರುತರು ಹೇಳಿದ್ದು ಈ ಸೂಕ್ಷ್ಮವನ್ನೇ. ಅದಕ್ಕಾಗಿಯೇ ಶಸ್ತ್ರವೈದ್ಯರು ಹೊಲಿಗೆಯಿಂದ ಹೊಲಿಗೆಗೆ ಮೂರರಿಂದ ಐದು ಮಿಲಿಮೀಟರ್ ಅಂತರವಿಟ್ಟು ಭಾರವನ್ನು ಹಂಚುತ್ತಾರೆ. ದಾರದ ಬಲ ಒಂದು ಮಿತಿಯನ್ನು ದಾಟಿದ ಮೇಲೆ ಸೋಲುವುದು ಹೊಲಿಸಿಕೊಂಡ ಬಟ್ಟೆ. ಎರಡು ಪಟ್ಟು ಗಟ್ಟಿ ದಾರ ಹಾಕಿದರೆ ಗಾದಿ ಎರಡು ಪಟ್ಟು ಗಟ್ಟಿಯಾಗುವುದಿಲ್ಲ.

ಹಾಗಾದರೆ ಗಾದಿ ಗಟ್ಟಿಯಾಗುವುದು ಯಾವಾಗ? ಅದು ಕೂಡಿಕೊಂಡಾಗ. ಕೂಡಿಕೊಳ್ಳಲು ರಕ್ತ ಬೇಕು. ಮೆನಿಸ್ಕಸ್ಸಿನಲ್ಲಿ ರಕ್ತನಾಳಗಳಿರುವುದು ಹೊರ ಅಂಚಿನಲ್ಲಿ ಮಾತ್ರ. ದೊಡ್ಡವರಲ್ಲಿ ಅಗಲದ ನೂರಕ್ಕೆ ಹತ್ತರಿಂದ ಮೂವತ್ತು ಪಾಲಿನಷ್ಟೇ ಎಂದು 1982ರಲ್ಲಿ ಅಮೆರಿಕದ ಅರ್ನೋಸ್ಕಿ ಮತ್ತು ವಾರನ್ ತೋರಿಸಿಕೊಟ್ಟರು. ಹೊರ ಅಂಚಿನ ಸೀಳು ಕೂಡುತ್ತದೆ. ಒಳ ಅಂಚಿನ ಬಿಳಿಯ ಭಾಗದ ಸೀಳಿಗೆ ಯಾವ ದಾರ ಹಾಕಿದರೂ ಪ್ರಯೋಜನ ಕಡಿಮೆ. ಹೊಲಿಯುವ ಮುನ್ನ ಅಂಚುಗಳನ್ನು ಕೆರೆದು ರಕ್ತ ಒಸರುವಂತೆ ಮಾಡುವುದು ಇದಕ್ಕಾಗಿಯೇ. ಚರ್ಮದ ಗಾಯ ಹತ್ತು ದಿನಗಳಲ್ಲಿ ಕೂಡಿದರೆ ಇದಕ್ಕೆ ತಿಂಗಳುಗಳು ಬೇಕು. ದಾರದ ಕೆಲಸ ಆ ತಿಂಗಳುಗಳಲ್ಲಿ ಎರಡು ಅಂಚುಗಳನ್ನು ಹತ್ತಿರ ಹಿಡಿದಿರುವುದು, ಅಷ್ಟೇ. ಮನುಷ್ಯನ ಭಾರವನ್ನು ಹೊರುವುದು ಅದರ ಕೆಲಸವಲ್ಲ.

ಇನ್ನೊಂದು ಸಂಗತಿ ಸಮಾಧಾನಕರ. ಕಾಲು ನೆಟ್ಟಗಿದ್ದು ನಿಂತಾಗ, ಉದ್ದ ಸೀಳಿನ ಎರಡು ಅಂಚುಗಳು ಬೇರ್ಪಡುವುದಕ್ಕಿಂತ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಗ ದಾರದ ಮೇಲೆ ಬೀಳುವ ಎಳೆತ ಅಲ್ಪ. ಆದುದರಿಂದಲೇ ಇಂಥ ಹೊಲಿಗೆಯಾದ ಹಲವರಿಗೆ ಪಟ್ಟಿ ಕಟ್ಟಿ, ಕಾಲು ನೆಟ್ಟಗಿಟ್ಟು ನಡೆಯಲು ವೈದ್ಯರು ಬೇಗನೆ ಅನುಮತಿ ಕೊಡುತ್ತಾರೆ. ಅಡ್ಡ ಸೀಳು ಅಥವಾ ಬೇರು ಕಿತ್ತ ಗಾದಿಯಾದರೆ ಹಾಗಲ್ಲ, ಹಾಸಿನ ಎಳೆಯೇ ತುಂಡಾಗಿರುವುದರಿಂದ ಆರು ವಾರ ಕಾಲೂರಲು ಬಿಡುವುದಿಲ್ಲ. ಯಾವ ಸೀಳೇ ಆಗಲಿ, ಅಪಾಯವಿರುವುದು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಿದ ಮೊಣಕಾಲಿನ ಮೇಲೆ ಭಾರ ಬಿದ್ದಾಗ, ಅದರೊಡನೆ ತಿರುಚು ಸೇರಿದಾಗ. ಆಗ ತೊಡೆಯ ಎಲುಬು ಹಿಂದಕ್ಕೆ ಉರುಳಿ ಗಾದಿಯ ಹಿಂಭಾಗವನ್ನು ಹಿಂದಕ್ಕೆ ದೂಡುತ್ತದೆ. ಕುಕ್ಕರುಗಾಲು, ಪದ್ಮಾಸನ, ನೆಲದಿಂದ ಏಳುವುದು, ಕುಣಿಯಿಂದ ಮೇಲೆ ಬರುವುದು, ಎಲ್ಲವೂ ಈ ಭಂಗಿಯವೇ. ವಿದೇಶದ ಪುಸ್ತಕಗಳಲ್ಲಿ ಫುಟ್‌ಬಾಲ್ ಆಟಗಾರ ಯಾವಾಗ ಮೈದಾನಕ್ಕೆ ಮರಳಬೇಕೆಂದು ಬರೆದಿರುತ್ತದೆ. ಕುಣಿಮಗ್ಗದ ಬಗ್ಗೆ ಬರೆದಿರುವುದಿಲ್ಲ.

ಈ ಮಾತನ್ನು ನಾನು ಪುಸ್ತಕದಿಂದ ಮಾತ್ರ ಕಲಿತವನಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಇನ್ನೊಬ್ಬ ನೇಕಾರರು, ಗಾದಿಗೆ ಹೊಲಿಗೆಯಾದ ಏಳನೆಯ ವಾರದಲ್ಲಿ ನನ್ನಲ್ಲಿಗೆ ಬಂದಿದ್ದರು. ಬಾವು ಇರಲಿಲ್ಲ, ನೋವು ಇರಲಿಲ್ಲ, ಕಾಲು ಚೆನ್ನಾಗಿ ಮಡಚುತ್ತಿತ್ತು. ಮದುವೆಯ ಹಂಗಾಮು, ಕೈಗೆ ಒಪ್ಪಿಕೊಂಡ ಖಣಗಳ ಲೆಕ್ಕ, ಮನೆಯಲ್ಲಿ ದುಡಿಯುವವರು ಅವರೊಬ್ಬರೇ. “ಸ್ವಲ್ಪ ಸ್ವಲ್ಪ ಕೂತು ನೋಡ್ಲ್ಯಾ?” ಎಂದು ಕೇಳಿದರು. ನೋವಿಲ್ಲದಿರುವುದನ್ನು ನಾನು ವಾಸಿಯಾದುದಕ್ಕೆ ಸಾಕ್ಷಿಯೆಂದು ತಿಳಿದೆ. ಹೂಂ ಎಂದೆ, ಎಣ್ಣೆಯನ್ನೂ ಕೊಟ್ಟೆ, ಶಸ್ತ್ರವೈದ್ಯರನ್ನು ಕೇಳಿ ಎಂದು ಹೇಳಲಿಲ್ಲ. ಒಂಬತ್ತನೆಯ ದಿನ ಕುಣಿಯಿಂದ ಏಳುವಾಗ ಕಾಲಿಗೆ ಮತ್ತೆ ಬೀಗ ಬಿದ್ದಿತು. ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಕಂಡದ್ದೇನೆಂದರೆ, ದಾರಗಳೆಲ್ಲ ಇಡಿಯಾಗಿದ್ದವು, ಗಂಟುಗಳೂ ಇದ್ದವು. ಗಾದಿ ಮಾತ್ರ ದಾರದಿಂದ ಕೊಯ್ದುಕೊಂಡು ಬಿಟ್ಟಿತ್ತು. ಆ ಭಾಗವನ್ನು ತೆಗೆಯದೆ ಗತಿಯಿರಲಿಲ್ಲ. ಇಂದು ಅವರಿಗೆ ಐವತ್ತೆರಡು ವರ್ಷ. ಆ ಮೊಣಕಾಲು ಸವೆದು, ಮಗ್ಗವನ್ನು ಮಾರಿದ್ದಾರೆ. ನಾನು ತಪ್ಪು ಹೇಳಿದೆನೆಂದು ಅವರಿಗೆ ತಿಳಿಸಿದ್ದೇನೆ. ಅವರು ನನ್ನನ್ನು ಬೈಯಲಿಲ್ಲ, ಅದು ಬೇರೆ ಮಾತು.

ಎಚ್ಚರಿಕೆಯಿಂದ ನಡೆದುಕೊಂಡರೂ ಎಲ್ಲ ಹೊಲಿಗೆಗಳೂ ನಿಲ್ಲುವುದಿಲ್ಲ. ಐದು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಐದರಲ್ಲಿ ಸುಮಾರು ಒಂದು ವಿಫಲವಾಗಿರುತ್ತದೆ. ಹಾಗೆಯೇ, ವಯಸ್ಸಾದವರ ಎಂ.ಆರ್.ಐ.ಯಲ್ಲಿ ‘ಮೆನಿಸ್ಕಸ್ ಹರಿದಿದೆ’ ಎಂದು ಬಂದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಅದು ಹೆಚ್ಚಾಗಿ ಹಳೆಯ ಧೋತರ ಜೀರ್ಣವಾದಂತೆ ಆದ ಸವೆತ. ಹೊಲಿದರೆ ನಿಲ್ಲದು. ಅಂಥವರ ಗಾದಿಯನ್ನು ಕತ್ತರಿಸಿ ಸರಿಪಡಿಸುವುದಕ್ಕೂ ಬರಿಯ ತೋರಿಕೆಯ ಶಸ್ತ್ರಚಿಕಿತ್ಸೆಗೂ ಒಂದು ವರ್ಷದ ಬಳಿಕ ವ್ಯತ್ಯಾಸ ಕಾಣಲಿಲ್ಲವೆಂದು 2013ರಲ್ಲಿ ಫಿನ್ಲೆಂಡಿನ ವೈದ್ಯರು ಪ್ರಕಟಿಸಿದ್ದಾರೆ. ತೊಡೆಯ ಸ್ನಾಯುಗಳಿಗೆ ವ್ಯಾಯಾಮ, ತೂಕ ಇಳಿಸುವುದು, ಇವೇ ಅವರಿಗೆ ಮೊದಲ ಚಿಕಿತ್ಸೆ. ಯುವಕರಲ್ಲಿ ಪೆಟ್ಟಿನಿಂದಾದ ಸೀಳು, ಬೀಗ ಬೀಳುವ ಕಾಲು, ಇವನ್ನು ಮಾತ್ರ ತಡಮಾಡದೆ ಎಲುಬುಕೀಲು ತಜ್ಞರಿಗೆ ತೋರಿಸಬೇಕು. ನಾಟಿ ಪಟ್ಟು ಹಾಕಿಸಿ ಎರಡು ತಿಂಗಳು ಕಳೆದುಕೊಂಡು ಬರುವವರನ್ನು ನೋಡಿದರೆ ಮನಸ್ಸಿಗೆ ನೋವಾಗುತ್ತದೆ.

ನಮ್ಮ ಶಾಸ್ತ್ರದ ಕಡೆಯಿಂದ ಏನು ಮಾಡಬಹುದೆಂದು ಕೇಳುವಿರಿ. ಹರಿದ ಗಾದಿಯನ್ನು ಕೂಡಿಸುವ ಕಷಾಯವಾಗಲಿ ಗುಗ್ಗುಳವಾಗಲಿ ನನ್ನ ಬಳಿ ಇಲ್ಲ. ಇದೆ ಎನ್ನುವವರ ಮಾತನ್ನು ನಂಬಬೇಡಿ. ಹೊಲಿಗೆಯಾದ ಮೊದಲ ವಾರಗಳಲ್ಲಿ ಅಭ್ಯಂಗ, ಜಾನುಬಸ್ತಿ, ಕಾಲು ನೀವಿ ಜಗ್ಗುವುದು ಯಾವುದೂ ಬೇಡ. ಮೀನಖಂಡ ಬಾತು ಬಿಗಿದುಕೊಂಡಿದ್ದರೆ ಅಥವಾ ಜ್ವರ ಬಂದು ಮೊಣಕಾಲು ಕೆಂಪಾದರೆ ತಿಕ್ಕುತ್ತ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮಲಬದ್ಧತೆ ಆಗದಂತೆ ಆಹಾರ ನೋಡಿಕೊಳ್ಳುವುದು ಸಣ್ಣ ಮಾತಲ್ಲ, ಏಕೆಂದರೆ ಕುಕ್ಕರುಗಾಲಿನಲ್ಲಿ ಮುಕ್ಕುವುದೇ ಹೊಲಿಗೆಗೆ ದೊಡ್ಡ ಶತ್ರು. ಪ್ಲಾಸ್ಟಿಕ್ ಕುರ್ಚಿಯ ನಡುವೆ ರಂಧ್ರ ಮಾಡಿಸಿಕೊಂಡಾದರೂ ಎತ್ತರದಲ್ಲಿ ಕುಳಿತುಕೊಳ್ಳಿ. ಹಾಸಿಗೆಯ ಮೇಲೆ ಕಾಲು ಚಾಚಿ, ತೊಡೆಯನ್ನು ಬಿಗಿಹಿಡಿದು ಹತ್ತು ಎಣಿಸಿ ಬಿಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿದಷ್ಟು ಸಲ ತಪ್ಪದೆ ಮಾಡಿ. ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಆರು ವಾರ ತೊಂಬತ್ತು ಡಿಗ್ರಿಯೊಳಗೆ ಮಾತ್ರ ಮಡಚುವುದು, ಪೂರ್ತಿ ಮಡಚಿ ಭಾರ ಹಾಕುವುದು ನಾಲ್ಕರಿಂದ ಆರು ತಿಂಗಳ ಮೇಲೆ. ನಿಮ್ಮ ಸೀಳಿಗೆ ಎಷ್ಟೆಂಬುದನ್ನು ಹೊಲಿದವರೇ ಹೇಳಬೇಕು. ಅವರು ಕೊಟ್ಟ ಚೀಟಿಯನ್ನು ಜೋಪಾನವಾಗಿಟ್ಟು, ನನ್ನಂಥವರ ಬಳಿ ಹೋಗುವಾಗಲೂ ತೋರಿಸಿ.

ಪೂಜೆಗೆ ಹೇಗೆ ಕೂರುವುದೆಂದು ಹಿರಿಯ ತಾಯಂದಿರು ಕೇಳುತ್ತಾರೆ. ಇಷ್ಟಲಿಂಗ ಇರುವುದು ಅಂಗೈಯಲ್ಲಿ. ಕುರ್ಚಿಯ ಮೇಲೆ ಕುಳಿತೇ ಪೂಜೆ ಸಲ್ಲಿಸಬಹುದು, ಪ್ರಸಾದವನ್ನೂ ಮೇಜಿನ ಮೇಲೆ ಸ್ವೀಕರಿಸಬಹುದು. ಮಠದ ದಾಸೋಹದಲ್ಲಿ ಹಿಂದಿನ ಸಾಲಿನಲ್ಲಿ ಬೆಂಚುಗಳನ್ನು ಹಾಕಿಸಿದ್ದು ಇಂಥವರಿಗಾಗಿಯೇ. ಸಂಕೋಚಪಡಬಾರದು.

ಮೊದಲು ಹೇಳಿದ ನೇಕಾರರಿಗೆ ಈ ಸಲ ನಾನು ಎಣ್ಣೆ ಕೊಡಲಿಲ್ಲ. ಹುಬ್ಬಳ್ಳಿಯ ವೈದ್ಯರಿಗೆ ಅವರ ಎದುರಿನಲ್ಲಿಯೇ ಫೋನ್ ಮಾಡಿ ಕೇಳಿದೆ. ಅವರ ಸೀಳು ಹಿಂಭಾಗದ್ದು, ಹೊಲಿಗೆ ನಾಲ್ಕು ಎಂದು ತಿಳಿಯಿತು. ಮಗ್ಗಕ್ಕೆ ಐದನೆಯ ತಿಂಗಳವರೆಗೆ ಇಳಿಯಕೂಡದು. ಅಲ್ಲಿಯವರೆಗೆ ಮಗ್ಗದ ಮೇಲೆ ಅವರ ತಮ್ಮ ಕೂರುತ್ತಾನೆ. ಇವರು ಕಟ್ಟೆಯ ಮೇಲೆ ಎತ್ತರದ ಸ್ಟೂಲಿನಲ್ಲಿ ಕುಳಿತು, ಕಾಲು ಮುಂದೆ ಚಾಚಿ, ಕಂಡಿಕೆ ಸುತ್ತಿಕೊಡುತ್ತಿದ್ದಾರೆ. ಕೂಲಿ ಅರ್ಧಕ್ಕಿಳಿದಿದೆಯೆಂದು ಮೊನ್ನೆ ಹೇಳಿದರು. ಮುಂದಿನ ತಪಾಸಣೆ ಹುಣ್ಣಿಮೆಯ ಮೇಲೆ.